ಪಂಚರ ರುಜು

ಕಳೆದ ವರ್ಷ ನವರಾತ್ರಿ ಮುಗಿದು, ನಮ್ಮ ಮನೆಯವರು ಬೊಂಬೆಗಳನ್ನು ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದ ಒಂದು ಸಾಯಂಕಾಲ, ಅಮೆರಿಕಾ ದೇಶದಲ್ಲಿ ನೆಲೆಸಿರುವ ನಮ್ಮ ತಮ್ಮನ ಮಗನಿಂದ ದೂರವಾಣಿಯ ಕರೆ ಬಂದಿತು. ಕುಶಲಪ್ರಶ್ನೆಗಳಾದ ತರುವಾಯ ಅವನು ನಗುತ್ತ, “ದೊಡ್ಡಪ್ಪ, ನನಗೆ ಇಲ್ಲಿನ ಕೋರ್ಟಿನಿಂದ ಜ್ಯೂರಿ ಡ್ಯೂಟಿಗೆ ಕಾಗದ ಬಂದಿದೆ. ಆಫೀಸಿನಲ್ಲಿ ನೋಡಿದರೆ ಕೆಲಸ ಕುತ್ತಿಗೆಯವರೆಗೂ ಇದೆ. ನಿಮ್ಮ ಧರ್ಮಶಾಸ್ತ್ರದಲ್ಲಿ ತಪ್ಪಿಸಿಕೊಳ್ಳೋದಕ್ಕೆ ಏನಾದರೂ ದಾರಿ ಇದೆಯಾ?” ಎಂದು ಕೇಳಿದನು.

ಹುಡುಗನು ಆ ದೇಶದ ಪೌರತ್ವವನ್ನು ಪಡೆದು ಕೆಲವು ವರ್ಷಗಳಾದುವು. ಪೌರರಾದವರ ಹೆಸರುಗಳನ್ನು ಅಲ್ಲಿ ಚೀಟಿ ಎತ್ತಿದಂತೆ ಆರಿಸಿ ನ್ಯಾಯಸ್ಥಾನಕ್ಕೆ ಕರೆಯಿಸುತ್ತಾರೆ. ಕರೆ ಬಂದವನು ತನ್ನ ಉದ್ಯೋಗವನ್ನು ಬದಿಗಿಟ್ಟು ಹೋಗಬೇಕು. ಆಯ್ಕೆಯಾದರೆ ತನ್ನಂಥ ಇತರರೊಡನೆ ಕುಳಿತು, ಎಂದೂ ಕಂಡರಿಯದ ಮನುಷ್ಯನೊಬ್ಬನು ಅಪರಾಧಿಯೋ ನಿರಪರಾಧಿಯೋ ಎಂಬುದನ್ನು ನಿರ್ಣಯಿಸಬೇಕು. ಅಲ್ಲಿಯ ಫೆಡರಲ್ ನ್ಯಾಯಾಲಯಗಳಲ್ಲಿ ಇದಕ್ಕೆ ದಿನವೊಂದಕ್ಕೆ 50 ಡಾಲರುಗಳ ಭತ್ಯವಿದೆ. ಜ್ಯೂರಿಗೆ ಹೋದನೆಂಬ ಕಾರಣದಿಂದ ಯಾರನ್ನೂ ಕೆಲಸದಿಂದ ತೆಗೆಯಕೂಡದೆಂದು ಧಣಿಗಳಿಗೆ ಶಾಸನದ ಕಟ್ಟೂ ಉಂಟು. “ತೆಗೆಯೋದಿಲ್ಲ, ನಿಜ. ಆದರೆ ನನ್ನ ಬದಲು ಆ ಕೆಲಸ ಯಾರೂ ಮಾಡೋದೂ ಇಲ್ಲ, ನಾನು ವಾಪಸು ಬರೋ ತನಕ ಹಾಗೇ ಕಾಯ್ತಾ ಇರುತ್ತೆ” ಎಂಬುದು ಅವನ ಅಳಲು.

ನಾವೂ ಸರಸಕ್ಕೆ ಸರಸವನ್ನೇ ಕೂಡಿಸಿ, ದಾರಿ ಇಲ್ಲದಿಲ್ಲವೆಂದು ಹೇಳಿದೆವು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಯಾರು ಯಾರನ್ನು ಸಾಕ್ಷಿಗೆ ಎಳೆಯಬಾರದೆಂಬ ಪಟ್ಟಿಯೊಂದಿದೆ. ಅದರಲ್ಲಿ ರಾಜನಿದ್ದಾನೆ, ಶ್ರೋತ್ರಿಯನಿದ್ದಾನೆ, ಸಂನ್ಯಾಸಿಯಿದ್ದಾನೆ. ಅವರ ಜೊತೆಯಲ್ಲಿಯೇ ಕಾರುಕರೆಂಬ ಕುಶಲ ಕೆಲಸಗಾರರೂ ಕುಶೀಲವರೆಂಬ ನಟರೂ ಇದ್ದಾರೆ. ಸಂನ್ಯಾಸಿಯನ್ನು ಬಿಟ್ಟರೆಂಬುದು ಸುಲಭವಾಗಿ ತಿಳಿಯುತ್ತದೆ. ಬಡಗಿಯನ್ನೂ ನಟನನ್ನೂ ಏಕೆ ಬಿಟ್ಟರು? ಅವರು ತಮ್ಮ ತಮ್ಮ ಕಸುಬಿನಲ್ಲಿ ಮುಳುಗಿರತಕ್ಕವರು, ಕರೆದರೆ ಕಸುಬು ಕೆಡುತ್ತದೆ ಎಂಬುದು ವ್ಯಾಖ್ಯಾನಕಾರರು ಕೊಡುವ ಕಾರಣಗಳಲ್ಲೊಂದು. “ಕಂಪ್ಯೂಟರಿನ ಮುಂದೆ ಕೂರುವವನೂ ಕಾರುಕನೇ ಎಂದು ಅಲ್ಲಿಯ ನ್ಯಾಯಾಧೀಶರಿಗೆ ಬರೆದು ನೋಡು” ಎಂದೆವು. ಹುಡುಗನು ನಕ್ಕು ಕರೆಯನ್ನು ಮುಗಿಸಿದನು.

ಅವನಿಗೆ ನಗು ಬಂದಿತು. ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಕೆಲಸದ ನೆಪದಿಂದ ನ್ಯಾಯದ ಕೆಲಸವನ್ನು ಕೆಡಿಸಿದವರಲ್ಲಿ ನಾವೂ ಒಬ್ಬರು. ಅದನ್ನು ಇಷ್ಟು ವರ್ಷ ಎಲ್ಲಿಯೂ ಬರೆದವರಲ್ಲ. ಈಗ ನಿವೃತ್ತರಾದೆವು, ಬರೆಯಬಹುದು.

ನಮ್ಮ ದೇಶದಲ್ಲಿಯೂ ಜ್ಯೂರಿಯೆಂಬುದಿದ್ದಿತೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಬ್ರಿಟಿಷ್ ಇಂಡಿಯಾದ 1898ನೆಯ ಇಸವಿಯ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ಸೆಷನ್ಸ್ ಮೊಕದ್ದಮೆಗಳನ್ನು ಕೆಲವು ಕಡೆ ಜ್ಯೂರಿಯವರೊಡನೆ, ಉಳಿದ ಕಡೆ ಅಸೆಸರುಗಳೆಂಬ ಗೃಹಸ್ಥರ ನೆರವಿನಿಂದ ವಿಚಾರಿಸುವ ಏರ್ಪಾಡಿದ್ದಿತು. ಅಸೆಸರುಗಳ ಅಭಿಪ್ರಾಯವನ್ನು ಕೇಳಬೇಕು, ಆದರೆ ಒಪ್ಪಲೇಬೇಕೆಂಬ ಕಟ್ಟು ನ್ಯಾಯಾಧೀಶನಿಗಿರಲಿಲ್ಲ. ಈ ಸೇವೆಯಿಂದ ಯಾರಿಗೆ ವಿನಾಯಿತಿ ಎಂಬುದಕ್ಕೂ ಅದರಲ್ಲಿ ಒಂದು ಕಲಮು: ಪೊಲೀಸರು, ವೈದ್ಯರು, ವಕೀಲರು, ಪೌರೋಹಿತ್ಯ ನಡಸುವವರು, ಅಂಚೆ ಮತ್ತು ತಂತಿ ಇಲಾಖೆಯವರು, ಹೀಗೆ. ಮನುವಿನ ಪಟ್ಟಿಯನ್ನು ಓದಿದವರಿಗೆ ಇದು ಅದರ ದೂರದ ದಾಯಾದಿಯಂತೆ ಕಾಣುತ್ತದೆ. ಉಪಾಧ್ಯಾಯನನ್ನು ಆ ಕಲಮಿನಲ್ಲಿ ಹೆಸರು ಹಿಡಿದು ಸೇರಿಸಿರಲಿಲ್ಲ. ಸರ್ಕಾರವು ಬಿಡಬಹುದಾದ ‘ಇತರರ’ ಗುಂಪಿನಲ್ಲಿ ಅವನು ತನ್ನ ಅದೃಷ್ಟವನ್ನು ನೋಡಿಕೊಳ್ಳಬೇಕಾಗಿದ್ದಿತು. ಅಸೆಸರುಗಳ ಪದ್ಧತಿಯನ್ನು 1955ರ ತಿದ್ದುಪಡಿಯು ತೆಗೆದುಹಾಕಿತು. ಜ್ಯೂರಿಯನ್ನೂ ಕೈಬಿಡಬೇಕೆಂದು ಲಾ ಕಮಿಷನ್ನಿನವರು 1958ರ ವರದಿಯಲ್ಲಿ ಹೇಳಿದರು. ಮರುವರ್ಷವೇ ಬೊಂಬಾಯಿಯಲ್ಲಿ ನೌಕಾದಳದ ಅಧಿಕಾರಿ ನಾನಾವತಿಯ ಕೊಲೆ ಮೊಕದ್ದಮೆ ನಡೆದು, ಒಂಬತ್ತು ಮಂದಿ ಜ್ಯೂರಿಯವರಲ್ಲಿ ಎಂಟು ಮಂದಿ ನಿರಪರಾಧಿಯೆಂದರು. ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಶಿಕ್ಷೆಯಾಗಿ, 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 1973ರ ಹೊಸ ದಂಡಪ್ರಕ್ರಿಯಾ ಸಂಹಿತೆಯು 1974ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದರಲ್ಲಿ ಜ್ಯೂರಿಗೆ ಎಡೆಯೇ ಇರಲಿಲ್ಲ.

ನಮ್ಮಂಥ ಹಳೆಯ ಓದಿನವರಿಗೆ ಜ್ಯೂರಿಯೆಂದೊಡನೆ ನಾನಾವತಿಗಿಂತ ಮೊದಲು ಮೃಚ್ಛಕಟಿಕದ ಒಂಬತ್ತನೆಯ ಅಂಕವು ನೆನಪಾಗುತ್ತದೆ. ಉಜ್ಜಯಿನಿಯ ನ್ಯಾಯಮಂಟಪದಲ್ಲಿ ಅಧಿಕರಣಿಕನು ಒಬ್ಬನೇ ಕೂರುವುದಿಲ್ಲ. ಅವನ ಪಕ್ಕದಲ್ಲಿ ವರ್ತಕರ ಮುಖ್ಯನಾದ ಶ್ರೇಷ್ಠಿಯೂ ಲೆಕ್ಕಪತ್ರದ ಕಾಯಸ್ಥನೂ ಕುಳಿತಿರುತ್ತಾರೆ. ಚಾರುದತ್ತನ ಶೀಲವನ್ನು ಮೂವರೂ ಬಲ್ಲರು. ಆದರೂ ಒಂದೊಂದೇ ಸಾಕ್ಷ್ಯವು ಬಂದು ಬಿದ್ದಂತೆ, ಕಡೆಗೆ ಮೈತ್ರೇಯನ ಕಂಕುಳಿಂದ ಆಭರಣಗಳೇ ಜಾರಿ ಬಿದ್ದಂತೆ, ಅವರ ನಂಬಿಕೆಗೆ ಕಾಲೂರಲು ನೆಲವಿಲ್ಲದೆ ಹೋಗುತ್ತದೆ. ಈ ಅಂಕವನ್ನು ಎಷ್ಟೋ ಸಲ ಓದಿ ಕಣ್ಣು ಒರಸಿಕೊಂಡವರು ನಾವು. ಆದರೆ ಆ ದಿನ ಶ್ರೇಷ್ಠಿಯ ಅಂಗಡಿಯನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆ ಮಾತ್ರ, ಸ್ವಂತ ಅನುಭವವಾಗುವವರೆಗೂ ನಮಗೆ ಹೊಳೆದಿರಲಿಲ್ಲ.

ಜ್ಯೂರಿ ಹೋಯಿತು, ಆದರೆ ಸಾಮಾನ್ಯ ಗೃಹಸ್ಥನನ್ನು ಬೀದಿಯಿಂದ ಕರೆದು ನ್ಯಾಯದ ಯಂತ್ರಕ್ಕೆ ಹೂಡುವುದು ಮಾತ್ರ ನಿಲ್ಲಲಿಲ್ಲ. ಇಂದಿಗೂ ಅವನಿಗೆ ಪಂಚನೆಂದು ಹೆಸರು. ಪೊಲೀಸರು ಒಂದು ಸ್ಥಳವನ್ನು ಶೋಧಿಸುವಾಗ ಆ ನೆರೆಯ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರರೂ ಮರ್ಯಾದಸ್ಥರೂ ಆದ ನಿವಾಸಿಗಳನ್ನು ಎದುರಿಗಿಟ್ಟುಕೊಳ್ಳಬೇಕೆಂಬುದು 1973ರ ಸಂಹಿತೆಯ ನಿಯಮ. ಲಿಖಿತ ಆಜ್ಞೆ ಕೊಟ್ಟು ಕರೆದ ಮೇಲೂ ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ಅದು ಅಪರಾಧ. ಪಂಚನಿರುವುದು ಪೊಲೀಸರ ನೆರವಿಗಲ್ಲ, ಅವರ ಮೇಲಣ ಕಣ್ಣಾಗಿ. ಸಿಕ್ಕಿತೆಂದು ಹೇಳುವ ಒಡವೆ ನಿಜವಾಗಿ ಅಲ್ಲಿಯೇ ಸಿಕ್ಕಿತೇ ಎಂಬುದನ್ನು ಊರಿನ ಪರವಾಗಿ ನೋಡುವುದೇ ಅವನ ಕೆಲಸ. ಇದು ನಮಗೆ ಈಗ ಚೆನ್ನಾಗಿ ತಿಳಿದಿದೆ. ತಿಳಿಯಬೇಕಾಗಿದ್ದ ದಿನ ನಮ್ಮ ಕಣ್ಣು ಗಡಿಯಾರದ ಮೇಲಿದ್ದಿತು.

ಅದು 2011ನೆಯ ಇಸವಿಯ ಜೂನ್ ತಿಂಗಳು. ಸರಗೂರು ಆಗ ಇನ್ನೂ ತಾಲ್ಲೂಕಾಗಿರಲಿಲ್ಲ, ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಊರು. ನಾವು ಇಲ್ಲಿಂದ ದಿನವೂ ಬಸ್ಸಿನಲ್ಲಿ ಹೋಗಿ, ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಪಾಠ ಹೇಳುತ್ತಿದ್ದೆವು. ಆ ಸೀಮೆಯಲ್ಲಿ ಕೇರಳದ ಕಡೆಯ ಬೇಸಾಯಗಾರರು ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವ ರೂಢಿ ಬಲವಾಗಿದ್ದಿತು. ಶುಂಠಿಗೆ ನೀರು ಬೇಕು. ನೀರಿಗೆ ಪಂಪು ಬೇಕು. ಹೊಲದ ಮೂಲೆಯಲ್ಲಿ ರಾತ್ರಿಯೆಲ್ಲ ಒಂಟಿಯಾಗಿರುವ ಪಂಪಿನ ಮೋಟಾರು ಕಳ್ಳನಿಗೆ ಬೇಕು. ಅಂಥ ಒಂದು ಮೋಟಾರು ಕಾಣೆಯಾಗಿದ್ದ ಸುದ್ದಿಯನ್ನು ನಾವು ಬಸ್ಸಿನಲ್ಲಿಯೇ ಕೇಳಿದ್ದೆವು.

ಎರಡು ಮೂರು ದಿನಗಳ ತರುವಾಯ ಬೆಳಗ್ಗೆ ನಾವು ಬಸ್ಸಿನಿಂದಿಳಿದು ಶಾಲೆಯ ಕಡೆ ಹೊರಟಾಗ, ಪರಿಚಯದ ಪೊಲೀಸಿನವನೊಬ್ಬನು ಅಡ್ಡ ಬಂದು, “ಮೇಷ್ಟ್ರೇ, ಐದೇ ನಿಮಿಷ. ಠಾಣೆಗೆ ಬಂದು ಒಂದು ರುಜು ಹಾಕಿ ಹೋಗಿ. ನಿಮ್ಮಂಥೋರು ಇದ್ದರೆ ಮಹಜರಿಗೆ ಒಂದು ತೂಕ” ಎಂದನು. ತೂಕದ ಮಾತು ನಮ್ಮನ್ನು ಸ್ವಲ್ಪ ಉಬ್ಬಿಸಿತೆಂಬುದನ್ನು ಮುಚ್ಚಿಡುವುದಿಲ್ಲ. ಠಾಣೆಯ ಜಗಲಿಯಲ್ಲಿ ಮೆತ್ತಿದ ಮಣ್ಣು ಇನ್ನೂ ಒಣಗದ ಮೋಟಾರು ಬಿದ್ದಿದ್ದಿತು. ಗೋಡೆಯ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ ಹುಡುಗನು ನಮ್ಮನ್ನು ಕಂಡೊಡನೆ, ತರಗತಿಯೊಳಗೆ ಉಪಾಧ್ಯಾಯರು ಬಂದಾಗ ಏಳುವಂತೆ, ಎದ್ದು ನಿಂತುಬಿಟ್ಟನು. “ಕೂತ್ಕೊಳ್ಳೋ!” ಎಂದು ಯಾರೋ ಗದರಿಸಿದರು. ಅವನು ಕುಳಿತನು.

ಅವನು ನಮ್ಮ ಶಿಷ್ಯನೇ. ಒಂಬತ್ತನೆಯ ತರಗತಿಗೆ ಓದು ಬಿಟ್ಟು ಮೂರು ನಾಲ್ಕು ವರ್ಷಗಳಾಗಿದ್ದುವು. ಸಂಸ್ಕೃತದಲ್ಲಿ ರಾಮಶಬ್ದದ ತೃತೀಯಾ ವಿಭಕ್ತಿಯನ್ನು ದಾಟಿದವನಲ್ಲ. ಆದರೆ ಶಾಲೆಯ ಬಾವಿಯ ರಾಟೆ ಕೆಟ್ಟರೆ, ಗಂಟೆ ಹೊಡೆಯುವ ಕೊಂಡಿ ಕಳಚಿದರೆ, ಎಲ್ಲರೂ ಅವನ ಹೆಸರನ್ನೇ ಕೂಗುತ್ತಿದ್ದರು. ಓದು ಬಿಟ್ಟ ಮೇಲೆ ಪಂಪುಗಳ ರಿಪೇರಿಯನ್ನು ಕಲಿತು ಅದರಿಂದಲೇ ನಾಲ್ಕು ಕಾಸು ಕಾಣುತ್ತಿದ್ದನು. ಯಾರೋ ರಿಪೇರಿಗೆಂದು ತಂದುಕೊಟ್ಟ ಮೋಟಾರು ಅದೆಂಬುದು ಅವನ ಹೇಳಿಕೆಯಾಗಿದ್ದಿತೆಂದು ಆಮೇಲೆ ನಮಗೆ ತಿಳಿಯಿತು. ಆ ಬೆಳಗ್ಗೆ ನಾವು ಅವನನ್ನು ಏನೂ ಕೇಳಲಿಲ್ಲ.

ಮೇಜಿನ ಮೇಲೆ ಕಾಗದಗಳು ಆಗಲೇ ಬರೆದು ಸಿದ್ಧವಾಗಿದ್ದುವು. ನಾಲ್ಕು ಹಾಳೆ. ಆರೋಪಿಯು ಪಂಚರಾದ ನಮ್ಮನ್ನು ಮುಂದಾಗಿ ಕರೆದುಕೊಂಡು ಹೋಗಿ, ತನ್ನ ಮನೆಯ ಹಿಂದಣ ಹುಲ್ಲಿನ ಮೆದೆಯೊಳಗಿಂದ ಮೋಟಾರನ್ನು ತೆಗೆದು ಹಾಜರುಪಡಿಸಿದನೆಂಬುದು ಅದರ ಸಾರಾಂಶ. ಸಾರಾಂಶವೆಂದು ಈಗ ಹೇಳುತ್ತಿದ್ದೇವೆ; ಅಂದು ನಾವು ಓದಿದುದು ತಲೆಬರಹವನ್ನೂ ನಮ್ಮ ಹೆಸರನ್ನೂ ಮಾತ್ರ. ಹೆಸರಿನಲ್ಲಿ ಒಂದು ದೀರ್ಘವು ಬಿಟ್ಟುಹೋಗಿದ್ದುದನ್ನು ತಿದ್ದಿಸಿದೆವು ಕೂಡ! ನಾವು ಮೆದೆಯನ್ನೂ ಕಂಡವರಲ್ಲ, ಮನೆಯನ್ನೂ ಕಂಡವರಲ್ಲ. ಇನ್ನೊಬ್ಬ ಪಂಚನು ಚಹದಂಗಡಿಯವನು. ಅವನ ರುಜು ಆಗಲೇ ಬಿದ್ದಿದ್ದಿತು. ಹತ್ತನೆಯ ತರಗತಿಗೆ ಅಂದು ಮೊದಲನೆಯ ಪಾಠ. ಇಪ್ಪತ್ತು ವರ್ಷಗಳಲ್ಲಿ ಮೊದಲ ಗಂಟೆಗೆ ನಾವು ತಡವಾಗಿ ಹೋದುದು ಎರಡೋ ಮೂರೋ ಸಲ. ಅದು ನಮ್ಮ ದೊಡ್ಡ ಹೆಮ್ಮೆ. ನಾಲ್ಕು ಹಾಳೆಗೂ ರುಜು ಹಾಕಿ, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅರ್ಧ ಓಡುತ್ತಲೇ ಹೋಗಿ ಗಂಟೆ ಹೊಡೆಯುವ ಹೊತ್ತಿಗೆ ತರಗತಿಯ ಬಾಗಿಲಲ್ಲಿದ್ದೆವು. ಅಂದಿನ ಗುಣಸಂಧಿಯ ಪಾಠವು ಬಹಳ ಚೆನ್ನಾಗಿ ಆಯಿತು.

ಒಂದೂವರೆ ವರ್ಷ ಕಳೆಯಿತು. 2013ರ ಜನವರಿಯಲ್ಲಿ, ಪಾಠ ನಡೆಯುತ್ತಿರುವಾಗಲೇ ಸಮನ್ಸು ಬಂದಿತು. ಮಕ್ಕಳೆಲ್ಲರೂ ಬಾಗಿಲಲ್ಲಿ ನಿಂತ ಪೊಲೀಸಿನವನನ್ನೂ ನಮ್ಮನ್ನೂ ಒಂದಾದ ಮೇಲೊಂದರಂತೆ ನೋಡಿದರು. ಮುಖ್ಯೋಪಾಧ್ಯಾಯರು ಕಾಗದವನ್ನು ಓದಿ, “ಹತ್ತನೇ ತರಗತಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತು. ಈ ಕೋರ್ಟಿನವರಿಗೆ ಈಗಲೇ ಆಗಬೇಕಿತ್ತೇ ಸ್ವಾಮಿ?” ಎಂದು ಬೇಸರಪಟ್ಟರು. ನಮ್ಮದೂ ಅದೇ ಅಭಿಪ್ರಾಯವಾಗಿದ್ದಿತು. ಹೋಗದಿದ್ದರೆ ದಂಡನೆಯುಂಟೆಂಬ ಭಯವೊಂದೇ ನಮ್ಮನ್ನು ಹೊರಡಿಸಿದುದು.

ನ್ಯಾಯಾಲಯವಿದ್ದ ಊರಿನ ಹೆಸರು ಇಲ್ಲಿ ಬೇಡ. ಎಲ್ಲ ನ್ಯಾಯಾಲಯಗಳ ಜಗಲಿಗಳೂ ಹೆಚ್ಚು ಕಡಿಮೆ ಒಂದೇ ರೀತಿ. ಬೆಳಗ್ಗೆ ಹತ್ತೂವರೆಗೆ ಹೋಗಿ ಕುಳಿತೆವು. ಕೂಗುವವನು ಬಾಗಿಲಲ್ಲಿ ನಿಂತು ಯಾರು ಯಾರ ಹೆಸರನ್ನೋ ಮೂರು ಮೂರು ಸಲ ಕೂಗಿದನು, ನಮ್ಮದನ್ನು ಕೂಗಲಿಲ್ಲ. ಮೊಸರನ್ನದ ಡಬ್ಬಿಯನ್ನು ಅರಳಿಯ ಮರದ ಕೆಳಗೆ ಕುಳಿತು ಬರಿದುಮಾಡಿ, ಮತ್ತೆ ಬಂದು ಕುಳಿತೆವು. ನಾಲ್ಕು ಗಂಟೆಗೆ ಗುಮಾಸ್ತೆಯು, “ಇವತ್ತು ನಿಮ್ಮ ಕೇಸು ಬರಲ್ಲ ಮೇಷ್ಟ್ರೇ, ವಾಯಿದೆ ಆಯ್ತು” ಎಂದನು. ಫೆಬ್ರವರಿಯಲ್ಲಿ ಮತ್ತೊಂದು ತಾರೀಖು. ಅಂದು ವಕೀಲರೊಬ್ಬರು ಬಂದಿರಲಿಲ್ಲ, ಪುನಃ ವಾಯಿದೆ. ಬಂದು ಕುಳಿತಿರುವ ಸಾಕ್ಷಿಯನ್ನು ವಿಚಾರಿಸದೆ, ವಿಶೇಷ ಕಾರಣವನ್ನು ಬರೆದಿಡದೆ, ಮೊಕದ್ದಮೆಯನ್ನು ಮುಂದಕ್ಕೆ ಹಾಕಕೂಡದೆಂದು ಸಂಹಿತೆಯಲ್ಲಿಯೇ ಇದೆ. ಸಾಕ್ಷಿಗಳನ್ನು ಹೀಗೆ ಮತ್ತೆ ಮತ್ತೆ ತಿರುಗಿಸುವುದರಿಂದ ನ್ಯಾಯಕ್ಕೇ ಕೇಡೆಂದು ಸುಪ್ರೀಂ ಕೋರ್ಟು 2000ನೆಯ ಇಸವಿಯಲ್ಲಿ ಸ್ವರಣ್ ಸಿಂಗನ ಮೊಕದ್ದಮೆಯ ತೀರ್ಪಿನಲ್ಲಿ ಬಹಳ ನೊಂದು ಬರೆದಿದೆ. ಇವನ್ನೆಲ್ಲ ನಾವು ಆಮೇಲೆ ಹುಡುಕಿ ಓದಿದೆವು. ಓದಿ, ನಮಗಾದ ಅನ್ಯಾಯವನ್ನು ಕುರಿತು ಮನಸ್ಸಿನಲ್ಲಿಯೇ ಒಂದು ದೊಡ್ಡ ಅರ್ಜಿಯನ್ನು ಸಿದ್ಧಪಡಿಸಿಕೊಂಡಿದ್ದೆವು.

ಆ ಅರ್ಜಿಯನ್ನು ಹರಿದುಹಾಕಿದುದು ಒಂದು ಜೊತೆ ಕೈಗಳು. ಫೆಬ್ರವರಿಯ ತಾರೀಖಿನ ದಿನ ಆ ಹುಡುಗನು ಜಗಲಿಯ ಇನ್ನೊಂದು ಕೊನೆಯ ಕಂಬಕ್ಕೆ ಒರಗಿ ನಿಂತಿದ್ದನು. ಆರೋಪಿಯಾದವನು ಸಾಕ್ಷಿಯ ಹತ್ತಿರಕ್ಕೆ ಬರಬಾರದೆಂದು ಯಾರೋ ಹೇಳಿದ್ದರೆಂದು ತೋರುತ್ತದೆ. ದೂರದಿಂದಲೇ ನಮಸ್ಕಾರ ಮಾಡಿದನು. ಜೋಡಿಸಿದ ಕೈಗಳು ಬೆರಳ ಸಂದಿಯಲ್ಲೆಲ್ಲ ಕಪ್ಪಾಗಿದ್ದುವು. ಚಹದಂಗಡಿಯ ಪಂಚನನ್ನು ಕೇಳಿದಾಗ, “ಕೊಡಗಿಗೆ ಕಾಫಿ ಕುಯ್ಯಕ್ಕೆ ಹೋಗವ್ನೆ ಸಾ. ಕೇಸಾದ ಮ್ಯಾಲೆ ಊರಲ್ಲಿ ಯಾರು ಪಂಪು ಕೊಟ್ಟಾರು ರಿಪೇರಿಗೆ?” ಎಂದನು. ಕಾಫಿಯ ಕೊಯ್ಲಿನ ಕಾಲಕ್ಕೆ ನಮ್ಮ ಸೀಮೆಯಿಂದ ಜನರು ಗುಂಪುಗುಂಪಾಗಿ ಕೊಡಗಿನ ತೋಟಗಳಿಗೆ ಹೋಗುವುದು ಹಳೆಯ ವಾಡಿಕೆ. ಪ್ರತಿಯೊಂದು ತಾರೀಖಿಗೂ ಅವನು ಹಿಂದಿನ ದಿನವೇ ಅಲ್ಲಿಂದ ಹೊರಡಬೇಕು, ಮಾರನೆಯ ದಿನ ಹಿಂದಿರುಗಬೇಕು. ಹೋದ ಕೂಲಿ ಹೋಯಿತು. ಬಸ್ಸಿನ ಖರ್ಚು ಬೇರೆ. ವಕೀಲರಿಗೆ ಕೊಡುವುದು ಬೇರೆ.

ನಾವು ಬಸ್ಸಿನಲ್ಲಿ ಹಿಂದಿರುಗುತ್ತ ಲೆಕ್ಕ ಹಾಕಿದೆವು. ನಮಗೆ ಸಾಕ್ಷಿಗೆ ಹೋದ ದಿನವು ‘ಅನ್ಯಕಾರ್ಯ ನಿಮಿತ್ತ’ ಎಂದು ಹಾಜರಿಯ ಪುಸ್ತಕದಲ್ಲಿ ದಾಖಲೆಯಾಗುತ್ತಿದ್ದಿತು. ಸಂಬಳದಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ. ಅರ್ಜಿ ತುಂಬಿಕೊಟ್ಟರೆ ಸಾಕ್ಷಿಯ ಬತ್ತೆಯೂ ಬರುತ್ತಿದ್ದಿತು. ನಷ್ಟವೆಂದರೆ ಎರಡು ದಿನದ ಪಾಠ. ಅವನಿಗೆ ಈ ಒಂದೂವರೆ ವರ್ಷದಲ್ಲಿ ಎಷ್ಟು ತಾರೀಖುಗಳಾಗಿದ್ದುವೋ! ಆ ತಾರೀಖುಗಳ ಸಾಲಿನ ಮೊದಲಲ್ಲಿ ನಮ್ಮ ರುಜುವಿದ್ದಿತು.

ಮೂರನೆಯ ತಾರೀಖು ಸರಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಂದು ದಿನಕ್ಕೇ ಬಿದ್ದಿತು. ನಮ್ಮನ್ನು ಕೊಠಡಿಯ ಮೇಲ್ವಿಚಾರಣೆಗೆ ನಿಯಮಿಸಿ ಆಜ್ಞೆಯಾಗಿದ್ದಿತು. ಮುಖ್ಯೋಪಾಧ್ಯಾಯರು ಒಳ್ಳೆಯವರು, ಆದರೆ ಭಯಸ್ಥರು, ಬಾಗಿಲನ್ನು ಮುಂದೆ ಮಾಡಿ, “ಒಂದು ಜ್ವರದ ಸರ್ಟಿಫಿಕೇಟು ಕಳಿಸಿಬಿಡಿ. ಇನ್ನೊಂದು ತಾರೀಖು ಕೊಡ್ತಾರೆ. ಮಕ್ಕಳ ಪರೀಕ್ಷೆಗಿಂತ ದೊಡ್ಡದೇ ಒಂದು ಪಂಪು?” ಎಂದರು. ಸಲಹೆಯು ಹಿತವಾಗಿಯೇ ಕೇಳಿಸಿತು. ಸಾಕ್ಷಿಕಟ್ಟೆಯನ್ನು ಹತ್ತಿದರೆ ಏನು ಹೇಳಬೇಕಾಗುವುದೆಂಬುದು ನಮಗೆ ಹೊಳೆಯತೊಡಗಿದ್ದಿತು. ಅದನ್ನು ತಪ್ಪಿಸಿಕೊಳ್ಳಲು ಕರ್ತವ್ಯನಿಷ್ಠೆಯೆಂಬಷ್ಟು ಮರ್ಯಾದೆಯ ಮರೆ ಬೇರೆ ಯಾವುದಿದ್ದೀತು?

ರಾತ್ರಿ ಊಟಕ್ಕೆ ಕುಳಿತಾಗ ಮನೆಯವರಿಗೆ ಹೇಳಿದೆವು. ಅವರು ಸಾರಿನ ಸೌಟನ್ನು ಕೈಯಲ್ಲಿ ಹಿಡಿದಂತೆಯೇ, “ನೀವು ಹೋಗದಿದ್ದರೆ ಆ ಹುಡುಗ ಇನ್ನೊಂದು ಸಲ ಬರಬೇಕಾಗುತ್ತೆ ಅಲ್ಲವೇ?” ಎಂದು ಕೇಳಿದರು. ಅವನ ತಾಯಿ ನಮ್ಮ ಬೀದಿಗೆ ಸೊಪ್ಪು ಮಾರಲು ಬರುತ್ತಿದ್ದಳಂತೆ. ಮೊಕದ್ದಮೆಯ ವಿಷಯವನ್ನೆಲ್ಲ ನಮ್ಮ ಅಡಿಗೆಮನೆಯು ನಮಗಿಂತ ಹೆಚ್ಚಾಗಿ ಬಲ್ಲುದಾಗಿದ್ದಿತು. ನಾವು ಸುಮ್ಮನಿದ್ದೆವು. ಅವರು ಮತ್ತೆ, “ಅದಿರಲಿ, ಅವತ್ತು ನೀವು ಅಲ್ಲಿ ಕಂಡದ್ದೇನು?” ಎಂದರು. ಒಂದೂವರೆ ವರ್ಷದಲ್ಲಿ ಪೊಲೀಸರಾಗಲಿ ವಕೀಲರಾಗಲಿ ನಮ್ಮನ್ನು ಈ ಪ್ರಶ್ನೆ ಕೇಳಿರಲಿಲ್ಲ. “ಕಾಗದ” ಎಂದೆವು. ಅವರು ಏನೂ ಹೇಳದೆ ಸಾರು ಬಡಿಸಿದರು.

ಬೆಳಗ್ಗೆ ಮುಖ್ಯೋಪಾಧ್ಯಾಯರಿಗೆ ಹೇಳಿ ಕಳುಹಿಸಿದೆವು. ನಮ್ಮ ಕೊಠಡಿಗೆ ಬೇರೊಬ್ಬರನ್ನು ಹಾಕಲು ಎರಡು ನಿಮಿಷ ಹಿಡಿಯಿತಂತೆ. ಇದರಿಂದ ಸಮಾಧಾನವಾಗಬೇಕಾಗಿದ್ದಿತು, ನಿಜವನ್ನು ಹೇಳುವುದಾದರೆ ಸ್ವಲ್ಪ ಅವಮಾನವೇ ಆಯಿತು.

ಅಂದು ನಮ್ಮ ಹೆಸರನ್ನು ಕೂಗಿದರು. ಪ್ರಮಾಣವಾಯಿತು. ಸರ್ಕಾರದ ಪರವಾದ ವಕೀಲರು ಮಹಜರನ್ನು ತೋರಿಸಿ ರುಜು ನಿಮ್ಮದೇ ಎಂದು ಕೇಳಿದರು. ಹೌದೆಂದೆವು. ಆರೋಪಿಯು ಮೆದೆಯಿಂದ ಮೋಟಾರನ್ನು ತೆಗೆದುಕೊಟ್ಟಾಗ ನೀವಿದ್ದಿರಲ್ಲವೇ ಎಂದರು. “ಇಲ್ಲ. ನಾವು ಠಾಣೆಗೆ ಮಾತ್ರ ಹೋಗಿದ್ದೆವು” ಎಂದೆವು. ಅವರು ಹುಬ್ಬು ಗಂಟಿಕ್ಕಿ, “ನಾವು ಅಂದರೆ ಯಾರ್ಯಾರು? ಎಷ್ಟು ಜನ ಹೋಗಿದ್ದಿರಿ?” ಎಂದರು. ಬರೆದೂ ಪಾಠ ಹೇಳಿಯೂ ಅಂಟಿಕೊಂಡ ಅಭ್ಯಾಸವದು. ನ್ಯಾಯಾಧೀಶರು ಮೃದುವಾಗಿ, “ನಿಮ್ಮ ಮಟ್ಟಿಗೆ ಹೇಳಿ ಮೇಷ್ಟ್ರೇ” ಎಂದರು. “ನಾನು ಒಬ್ಬನೇ ಹೋಗಿದ್ದೆ. ನಾನು ಏನನ್ನೂ ನೋಡಲಿಲ್ಲ” ಎಂದು ಹೇಳಬೇಕಾಯಿತು. ಆ ಪದವು ಬಾಯಿಯಲ್ಲಿ ಕಲ್ಲಿನಂತೆ ಹೊರಳಿತು.

ಅಷ್ಟರಿಂದ ನಾವು ‘ಪ್ರತಿಕೂಲ ಸಾಕ್ಷಿ’ಯಾದೆವು. ತಮ್ಮ ಸಾಕ್ಷಿಯನ್ನೇ ಪಾಟೀಸವಾಲು ಮಾಡಲು ವಕೀಲರು ಅನುಮತಿ ಬೇಡಿ ಪಡೆದರು. ಆರೋಪಿಯು ನಿಮ್ಮ ಶಿಷ್ಯನಲ್ಲವೇ? ಹೌದು. ಅವನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀರಿ. ಇಲ್ಲ. ಕಾಗದವನ್ನು ಓದಿ ರುಜು ಮಾಡಿದಿರಾ? ಇಲ್ಲ. ಮಕ್ಕಳಿಗೆ ಓದಲು ಕಲಿಸುವ ಉಪಾಧ್ಯಾಯರು ಓದದೆ ರುಜು ಹಾಕಿದಿರಾ? ಹೌದು. ಏಕೆ? “ಶಾಲೆಗೆ ಹೊತ್ತಾಗುತ್ತಿತ್ತು.” ಜಗಲಿಯ ಕಡೆಯಿಂದ ಯಾರೋ ನಕ್ಕರು. ಆ ವಕೀಲರ ಮೇಲೆ ನಮಗೆ ಕೋಪವಿಲ್ಲ. ಅವರು ಕೇಳಿದ ಪ್ರಶ್ನೆಗಳಲ್ಲಿ ತಪ್ಪಾದುದು ಒಂದ
ೂ ಇರಲಿಲ್ಲ, ಅವರ ಮೊಕದ್ದಮೆಯನ್ನು ಕೆಡಿಸಿದವರೂ ನಾವೇ, ಹುಡುಗನ ಒಂದೂವರೆ ವರ್ಷವನ್ನು ಕೆಡಿಸಿದವರೂ ನಾವೇ. ಹುಡುಗನ ಕಡೆಯ ವಕೀಲರು ನಮ್ಮನ್ನು ಕೇಳಲು ಏನೂ ಇಲ್ಲವೆಂದರು. ಚಹದಂಗಡಿಯವನು ಮಾತ್ರ ಕಾಗದದಲ್ಲಿದ್ದಂತೆಯೇ ಒಪ್ಪಿಸಿದನೆಂದು ಕೇಳಿದೆವು.

ತೀರ್ಪು ಬಂದುದು ಆ ವರ್ಷದ ಮಳೆಗಾಲದಲ್ಲಿ. ಹುಡುಗನು ಖುಲಾಸೆಯಾದನೆಂದು ಸೊಪ್ಪಿನವಳು ಬಾಗಿಲಲ್ಲಿ ಹೇಳಿಹೋದಳು. ಅವನು ಕದ್ದನೋ ಇಲ್ಲವೋ ನಮಗೆ ಇಂದಿಗೂ ತಿಳಿಯದು. ಅಂದು ನಾವು ಇನ್ನರ್ಧ ಗಂಟೆ ನಿಂತು, ಆ ಮೆದೆಯವರೆಗೆ ನಡೆದು ನೋಡುತ್ತೇವೆಂದು ಹಟ ಹಿಡಿದಿದ್ದರೆ ತಿಳಿಯುತ್ತಿದ್ದಿತು. ಕದ್ದಿದ್ದರೆ ಶುಂಠಿಯ ಬೇಸಾಯಗಾರನಿಗೆ ನ್ಯಾಯ ದೊರೆಯುತ್ತಿದ್ದಿತು. ಇಲ್ಲದಿದ್ದರೆ ಹುಡುಗನು ಕೊಡಗಿನ ದಾರಿಯನ್ನು ಅಷ್ಟು ಸಲ ತುಳಿಯಬೇಕಾಗಿರಲಿಲ್ಲ. ಈಗ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧನೆಯನ್ನೂ ಜಪ್ತಿಯನ್ನೂ ಮೊಬೈಲು ಮುಂತಾದುವುಗಳಿಂದ ಚಿತ್ರ ಶಬ್ದ ಸಹಿತವಾಗಿ ಮುದ್ರಿಸಬೇಕೆಂದು ವಿಧಿಸಿದ್ದಾರೆ. ಬಹಳ ಒಳ್ಳೆಯದಾಯಿತು. ಆ ಯಂತ್ರಕ್ಕೆ ಮೊದಲ ಗಂಟೆಗೆ ಹೊತ್ತಾಗುವುದಿಲ್ಲ. ಪಂಚರನ್ನು ಮಾತ್ರ ಹೊಸ ಸಂಹಿತೆಯೂ ಬಿಟ್ಟಿಲ್ಲ.

ಅಮೆರಿಕಾದ ಹುಡುಗನಿಗೆ ಮರುದಿನ ನಾವೇ ಕರೆಮಾಡಿ ಇಷ್ಟನ್ನೂ ಹೇಳಿದೆವು. ಅವನು ಹೋದನು. ಒಂದು ದಿನವೆಲ್ಲ ಕೂರಿಸಿ, ಆಯ್ಕೆ ಮಾಡದೆ ಹಿಂದಕ್ಕೆ ಕಳುಹಿಸಿಬಿಟ್ಟರಂತೆ; ಸ್ವಲ್ಪ ಬೇಜಾರಾಯಿತೆಂದು ಹೇಳಿದನು.

ಅವನಿಗೆ ಹೇಳದೆ ಉಳಿದುದು ಒಂದಿದೆ. ನಾವು ಸಾಕ್ಷಿ ಹೇಳಿದ ದಿನ ಸಂಜೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಆ ಹುಡುಗನು ಮೆಣಸಿನ ಕೊಯ್ಲಿಗೆ ಹಿಂದಿರುಗಲು ಕೊಡಗಿನ ಕಡೆಯ ಬಸ್ಸಿಗೆ ಕಾಯುತ್ತಿದ್ದನು, ಹೆಗಲಿಗೊಂದು ಚೀಲ. ಸಾಕ್ಷಿ ಮುಗಿದುದರಿಂದಲೋ ಏನೋ, ಈ ಸಲ ಹತ್ತಿರಕ್ಕೆ ಬಂದನು. ಉಪಕಾರದ ಮಾತನ್ನು ಆಡಿಯಾನೆಂದು ನಮಗೆ ಭಯವಾಯಿತು; ಏಕೆಂದರೆ ನಾವು ಮಾಡಿದುದು ಉಪಕಾರವಲ್ಲ. ಅವನು ಅದನ್ನು ಆಡಲಿಲ್ಲ. ತಲೆ ತಗ್ಗಿಸಿಕೊಂಡು, “ಇವತ್ತು ಮಕ್ಳಿಗೆ ಪರೀಕ್ಷೆ ಅಲ್ವಾ ಸಾ? ನನ್ನಿಂದ ನಿಮ್ ಕೆಲ್ಸ ಕೆಡ್ತು” ಎಂದನು. ನಾವು ಬಾಯಿ ತೆರೆಯುವಷ್ಟರಲ್ಲಿ ಸರಗೂರಿನ ಬಸ್ಸು ಬಂದಿತು. ಅವನೇ ಮುಂದಾಗಿ ಹತ್ತಿ ನಮಗೆ ಕಿಟಕಿಯ ಪಕ್ಕದಲ್ಲಿ ಒಂದು ಜಾಗವನ್ನು ಹಿಡಿದುಕೊಟ್ಟು ಇಳಿದುಹೋದನು.